ಹೂಂ ಎಂಬಷ್ಟು ಎಚ್ಚರ

ಬಸಲಿಂಗವ್ವನ ಬಾಯಿಗೆ ಹೆದರದವರು ಧಾರವಾಡದ ಆ ಓಣಿಯಲ್ಲಿ ಇಬ್ಬರೇ ಇದ್ದರು. ಒಬ್ಬರು ಮೂಲೆಮನೆಯ ಕಿವುಡ ಅಜ್ಜ, ಇನ್ನೊಬ್ಬಳು ನವಲಗುಂದದಿಂದ ಆಗಾಗ ಬಂದುಹೋಗುವ ಆಕೆಯ ಒಡಹುಟ್ಟಿದ ತಂಗಿ ನೀಲವ್ವ. ಉಳಿದವರೆಲ್ಲ, ತರಕಾರಿ ಗಾಡಿಯವನಿಂದ ಹಿಡಿದು ಮನೆಯ ಸೊಸೆಯ ತನಕ, ಆಕೆಯ ಮುಂದೆ ಹಾಯುವಾಗ ತಮ್ಮದೇನಾದರೂ ತಪ್ಪಿದೆಯೇ ಎಂದು ಒಮ್ಮೆ ಯೋಚಿಸಿಕೊಂಡೇ ಹಾಯುತ್ತಿದ್ದರು. 'ಬಾಯಿದ್ದವರು ಬರಗಾಲದಲ್ಲೂ ಬದುಕಿದರು' ಎಂಬ ಗಾದೆ ತನ್ನ ತಾಯಿಯನ್ನು ನೋಡಿಯೇ ಹುಟ್ಟಿರಬೇಕು ಎಂದು ಮಗ ಗುರುಸಿದ್ಧನೇ ಹೇಳುತ್ತಿದ್ದ. ಹೇಳುವ ಮೊದಲು ತಾಯಿ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ, ಅದು ಬೇರೆ ಮಾತು.

ಅಂಥ ಬಾಯಿಯನ್ನು ಒಂದು ಬೆಳಗ್ಗೆ ಲಕ್ವಾ ಹೊಡೆದು ಕಟ್ಟಿಹಾಕಿತು. ಕೈಕಾಲು ನಿಧಾನಕ್ಕೆ ಸುಧಾರಿಸಿದವು. ಬುದ್ಧಿಯಂತೂ ಮೊದಲಿನಷ್ಟೇ ಚುರುಕು. ಮಾತು ಮಾತ್ರ ಹೊರಡಲಿಲ್ಲ. ಗಂಟಲಲ್ಲಿ ಉಳಿದದ್ದು ಒಂದು 'ಹೂಂ' ಮಾತ್ರ. ಬೇಕು ಬೇಡ ಎನ್ನುವುದಕ್ಕೆ ತಲೆ ಆಡಿಸಬಹುದಿತ್ತು, ಆದರೆ ತಲೆ ಆಡಿಸಿ ಯಾರನ್ನಾದರೂ ಬೈಯಲು ಬರುತ್ತದೆಯೇ? ಬಸಲಿಂಗವ್ವ ಅತ್ತದ್ದನ್ನು ಆ ಮನೆಯವರು ಮೊದಲ ಸಲ ನೋಡಿದ್ದು ಆಗಲೇ.

ಸೊಸೆ ದಾಕ್ಷಾಯಿಣಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಅದೇ ಹೊತ್ತಿಗೆ 'ಉಲಿ' ಎಂಬ ಯಂತ್ರ ತಯಾರಾಗಿತ್ತು. ಯಂತ್ರವೆಂದರೆ ಹುಣಸೆಬೀಜದಷ್ಟು ಒಂದು ಚಿಪ್. ಅದನ್ನು ಕಿವಿಯ ಹಿಂದೆ ತಲೆಬುರುಡೆಯೊಳಗೆ ಕೂರಿಸುತ್ತಾರೆ. ಮಿದುಳು ಬಾಯಿಗೆ ಕಳಿಸುವ ಅಪ್ಪಣೆಯನ್ನು ಅದು ದಾರಿಯಲ್ಲೇ ಹಿಡಿದು, ಕೊರಳಲ್ಲಿ ಪದಕದಂತೆ ತೂಗುವ ಪುಟ್ಟ ಸ್ಪೀಕರಿಗೆ ದಾಟಿಸುತ್ತದೆ. ಸ್ಪೀಕರು ಆ ಮನುಷ್ಯರದೇ ಹಳೆಯ ಧ್ವನಿಯಲ್ಲಿ ಮಾತಾಡುತ್ತದೆ. ಬಸಲಿಂಗವ್ವನ ಹಳೆಯ ಧ್ವನಿ ಎಲ್ಲಿಂದ ತರುವುದು ಎಂದು ಹುಡುಕಿದಾಗ ಮಗನ ಮದುವೆಯ ವಿಡಿಯೋ ಸಿಕ್ಕಿತು. ಅದರಲ್ಲಿ ಆಕೆ ಉದ್ದಕ್ಕೂ ಅಡಿಗೆಯವರನ್ನು ಬೈದಿದ್ದಳು. ಬೇಕಾದ ಅಕ್ಷರಗಳೆಲ್ಲ ಅಲ್ಲೇ ಸಿಕ್ಕವು.

ಚಿಪ್ ಚಾಲೂ ಮಾಡಿದ ದಿನ ಪ್ರಯೋಗಾಲಯದವರೆಲ್ಲ ಆಕೆಯ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಮೊದಲ ಮಾತು ದೇವರ ಹೆಸರಿರಬಹುದು, ಮಗನ ಹೆಸರಿರಬಹುದು ಎಂದುಕೊಂಡಿದ್ದರು. ಬಸಲಿಂಗವ್ವ ಒಂದು ಸುತ್ತು ಎಲ್ಲರ ಮುಖ ನೋಡಿ, "ಇಷ್ಟ ಮಂದಿ ನಿಂತೀರಲ್ಲ, ಯಾರಿಗೂ ಕೆಲಸಿಲ್ಲೇನು?" ಎಂದಳು. ಗುರುಸಿದ್ಧ ಗೋಡೆಗೆ ಮುಖ ಮಾಡಿ ಅತ್ತ. ದಾಕ್ಷಾಯಿಣಿಗೆ ನಗುವೂ ಬಂತು, ಸಣ್ಣ ದಿಗಿಲೂ ಆಯಿತು.

ಇದೆಲ್ಲ ಆಗಿ ವರ್ಷವಾಗಿತ್ತು. ಮೊದಲ ಕೆಲವು ತಿಂಗಳು ಮನೆ ಮೊದಲಿನಂತೆಯೇ ಗದ್ದಲ. ಆಮೇಲೆ ಬಸಲಿಂಗವ್ವನ ಮಾತು ಒಂದೊಂದಾಗಿ ಕಮ್ಮಿಯಾಗುತ್ತ ಬಂದು, ಈಗ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. "ವಯಸ್ಸಾತು. ಅವ್ವ ಶಾಂತ ಆಗ್ಯಾಳ," ಎಂದು ಗುರುಸಿದ್ಧ ಬಂದವರಿಗೆಲ್ಲ ಹೇಳತೊಡಗಿದ. ನಿಜ ಹೇಳಬೇಕೆಂದರೆ ಆ ಶಾಂತಿ ದಾಕ್ಷಾಯಿಣಿಗೆ ಹಿತವಾಗಿಯೇ ಇತ್ತು. ಕುಕ್ಕರಿನ ಸೀಟಿಯ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದುಕೊಂಡು ಆಕೆ ತನ್ನ ಪಾಡಿಗೆ ತಾನು ರೊಟ್ಟಿ ಬಡಿಯುತ್ತಿದ್ದಳು.

"ದಾಕ್ಷಾ ಅಕ್ಕಾರ, ನಿಮ್ಮ ಅತ್ತಿಯವ್ರು ನಮ್ಮ ಹನ್ನೊಂದು ಮಂದ್ಯಾಗ ಎಲ್ಲಾರಕಿಂತ ಛಲೋ ನಿದ್ದಿಗಾರ್ತಿ ನೋಡ್ರಿ," ಎಂದ ರಿಜ್ವಾನ್ ಒಂದು ಮಧ್ಯಾಹ್ನ. ಪ್ರಯೋಗಾಲಯದ ನಿಗಾ ಕೋಣೆಯಲ್ಲಿ ಅವನದೇ ಕಾರುಬಾರು. ಹನ್ನೊಂದು ಜನರ ತಲೆಯೊಳಗಿನ ಚಿಪ್‌ಗಳ ಹಾಲಹವಾಲು ಗೋಡೆಯ ಪರದೆಯ ಮೇಲೆ ಹನ್ನೊಂದು ಗೆರೆಗಳಾಗಿ ಓಡುತ್ತಿರುತ್ತದೆ. ಗೆರೆ ಮೇಲಿದ್ದರೆ ಚಿಪ್ ಎಚ್ಚರ, ಕೆಳಗಿಳಿದಷ್ಟೂ ನಿದ್ದೆ. ಬಸಲಿಂಗವ್ವನ ಗೆರೆ ತಳಕ್ಕೆ ಅಂಟಿಕೊಂಡಿತ್ತು.

ಚಿಪ್ ಯಾಕೆ ನಿದ್ದೆ ಮಾಡಬೇಕು ಎಂದರೆ ಬ್ಯಾಟರಿಗಾಗಿ. ಬ್ಯಾಟರಿ ಇರುವುದು ತಲೆಯೊಳಗೆ. ಹೊರಗಿನಿಂದ ಚಾರ್ಜ್ ಮಾಡಿದರೆ ಬಿಸಿಯಾಗುತ್ತದೆ, ಮಿದುಳಿನ ಪಕ್ಕ ಬಿಸಿ ಆಗಬಾರದು. ಮುಗಿದರೆ ತಲೆಯನ್ನೇ ಮತ್ತೊಮ್ಮೆ ತೆರೆಯಬೇಕು, ಅದು ಬಸಲಿಂಗವ್ವನ ವಯಸ್ಸಿಗೆ ಆಗುವ ಮಾತಲ್ಲ. ಹಾಗಾಗಿ ಕೆಲಸವಿಲ್ಲದಾಗ ಚಿಪ್ ಮಲಗಬೇಕು. ಮಲಗುವುದರಲ್ಲೂ ತರಗಳಿವೆ. ಕಿರಾಣಿ ಅಂಗಡಿಯವನು ಚಹಾಕ್ಕೆ ಹೋಗುವಾಗ ಪಕ್ಕದವನಿಗೆ 'ಸ್ವಲ್ಪ ನೋಡ್ರಿ' ಎಂದು ಹೇಳಿ ಹೋಗುತ್ತಾನೆ; ಗಿರಾಕಿ ಬಂದರೆ ಓಡಿ ಬರುತ್ತಾನೆ. ಊಟಕ್ಕೆ ಹೋಗುವಾಗ ಅರ್ಧ ಶಟರ್ ಎಳೆಯುತ್ತಾನೆ. ರಾತ್ರಿಯಾದರೆ ಹೊರಗಿಟ್ಟ ಚೀಲ, ತಕ್ಕಡಿ ಎಲ್ಲ ಒಳಗಿಟ್ಟು, ದೀಪ ಆರಿಸಿ, ಬೀಗ ಜಡಿದು ಹೋಗುತ್ತಾನೆ. ಚಿಪ್ ಕೂಡ ಹಾಗೆಯೇ: ತೂಕಡಿಕೆ, ನಿದ್ದೆ, ಗಾಢ ನಿದ್ದೆ. ತೂಕಡಿಕೆಯಿಂದ ಥಟ್ಟನೆ ಏಳುತ್ತದೆ, ಆದರೆ ಉಳಿತಾಯ ಕಮ್ಮಿ. ಗಾಢ ನಿದ್ದೆಯಲ್ಲಿ ಹೆಚ್ಚುಕಮ್ಮಿ ಏನೂ ಖರ್ಚಿಲ್ಲ, ಆದರೆ ಏಳುವಾಗ ಚೀಲ, ತಕ್ಕಡಿ ಎಲ್ಲ ಮತ್ತೆ ಹೊರಗಿಡಬೇಕು. ಅದಕ್ಕೆ ಎರಡು ಉಸಿರಿನಷ್ಟು ಹೊತ್ತು ಬೇಕು. ಚಹಾಕ್ಕೆ ಹೋಗುವಾಗಲೆಲ್ಲ ಬೀಗ ಜಡಿದು ಹೋದರೆ ಅಂಗಡಿಯವನಿಗೆ ಉಳಿತಾಯವೂ ಇಲ್ಲ, ವ್ಯಾಪಾರವೂ ಇಲ್ಲ.

ಯಾವಾಗ ಯಾವ ನಿದ್ದೆ ಎಂದು ತೀರ್ಮಾನಿಸಲು ಚಿಪ್‌ನೊಳಗೆ ಒಂದು ಸಣ್ಣ ಪ್ರೋಗ್ರಾಂ ಇತ್ತು. ಬರೆದವಳು ದಾಕ್ಷಾಯಿಣಿ. ಅದಕ್ಕೆ ಎಲ್ಲರೂ 'ಗುಮಾಸ್ತ' ಎನ್ನುತ್ತಿದ್ದರು. ಪಾಪದ ಗುಮಾಸ್ತನಿಗೆ ಮುಂದಾಗುವುದು ಹೇಗೆ ಗೊತ್ತು? ಹಿಂದಿನ ಸಲ ಎಷ್ಟು ಹೊತ್ತು ಮಾತಿರಲಿಲ್ಲ, ಅದರ ಹಿಂದಿನ ಸಲ ಎಷ್ಟು ಎಂದು ನೋಡಿ, ಈ ಸಲವೂ ಅಷ್ಟೇ ಇರಬಹುದು ಎಂದು ಊಹಿಸುತ್ತಿದ್ದ. ಗಿರಾಕಿ ಬರುವುದು ತಡ ಎನಿಸಿದರೆ ಬೀಗ ಜಡಿಯುತ್ತಿದ್ದ.

"ಹಿಂಗ ಮಲಗಿದ್ರ ಬ್ಯಾಟರಿ ಅವ್ರ ಮೊಮ್ಮಕ್ಕಳ ಕಾಲಕ್ಕೂ ಬರ್ತೈತಿ," ಎಂದು ರಿಜ್ವಾನ್ ನಕ್ಕ.

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಕೊಪ್ಪೀಕರ ಒಳಗೆ ಬಂದರು. ಆಕೆ ನಗಲಿಲ್ಲ. "ದಾಕ್ಷಾಯಿಣಿ, ಬ್ಯಾರೆಯವ್ರ ಬಾಯಿಂದ ನಿನಗ ಗೊತ್ತಾಗೂದು ಬ್ಯಾಡ ಅಂತ ನಾನ ಹೇಳ್ಲಿಕ್ಕೆ ಬಂದೆ. ಮುಂದಿನ ತಿಂಗಳ ಪರಿಶೀಲನಾ ಸಭೆಯೊಳಗ ನಿಮ್ಮ ಅತ್ತಿಯವರ ವಿಷಯ ಬರತದ," ಎಂದರು. ಉಲಿಗೆ ಸರಕಾರದ ಪರವಾನಗಿ ಇದ್ದದ್ದು ಹನ್ನೊಂದು ಜನರಿಗೆ ಮಾತ್ರ. ಹೊರಗೆ ಅಣ್ಣಿಗೇರಿಯ ಒಬ್ಬ ಶಾಲಾ ಶಿಕ್ಷಕಿ, ಚಿಕ್ಕ ವಯಸ್ಸಿನವಳು, ಅಪಘಾತದಲ್ಲಿ ಮಾತು ಹೋದವಳು, ಸರದಿಗಾಗಿ ಕಾಯುತ್ತಿದ್ದಳು. ಬಳಸದವರ ಚಿಪ್ ನಿಲ್ಲಿಸಿ ಆ ಜಾಗ ಅವಳಿಗೆ ಕೊಡಬೇಕು ಎಂಬುದು ಸಮಿತಿಯವರ ವಿಚಾರ. ಒಮ್ಮೆ ನಿಲ್ಲಿಸಿದರೆ ಚಿಪ್‌ನ ತಂತಿಗಳ ಮೇಲೆ ಪೊರೆ ಬೆಳೆದು ಮುಚ್ಚಿಕೊಳ್ಳುತ್ತದೆ. ಮತ್ತೆ ಚಾಲೂ ಮಾಡಲು ಬರುವುದಿಲ್ಲ.

"ಬೇಕೇನು ಅಂತ ಕೇಳಿದ್ರ ಎಲ್ಲಾರೂ ಹೌದು ಅಂತ ತಲಿ ಅಲ್ಲಾಡಸತಾರ. ಬಳಸತಾರೇನು ಅನ್ನೂದು ಮುಖ್ಯ," ಎಂದರು ಕೊಪ್ಪೀಕರ. "ನೀ ಅವರ ಮನಿಯಾಕಿ. ನಿನಗ ಸಭೆಯೊಳಗ ಮಾತಿಲ್ಲ. ತಪ್ಪು ತಿಳಕೋಬ್ಯಾಡ."

ತಪ್ಪು ತಿಳಿಯುವಂಥದ್ದೇನಿತ್ತು? ಆ ಶಿಕ್ಷಕಿಯ ಜಾಗದಲ್ಲಿ ನಿಂತು ನೋಡಿದರೆ ಕೊಪ್ಪೀಕರ ಹೇಳಿದ್ದೇ ನ್ಯಾಯ. ದಾಕ್ಷಾಯಿಣಿ ತಲೆಯಾಡಿಸಿದಳು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಆಕೆಯ ತಲೆಯಲ್ಲಿ ಸುತ್ತುತ್ತಿತ್ತು. ಬೈಗುಳ ಹೋದದ್ದು ಹಿತವಾಗಿತ್ತು ನಿಜ. ಬೈಯುವ ಬಾಯಿಯನ್ನೇ ಶಾಶ್ವತವಾಗಿ ಮುಚ್ಚುತ್ತಾರೆ ಎಂದಾಗ ಯಾಕೋ ಮನಸ್ಸು ಒಪ್ಪಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಆಕೆ ಅತ್ತೆಯನ್ನು ನೋಡುತ್ತ ಕೂತಳು. ನೋಡದೆ ಎಷ್ಟು ದಿನವಾಗಿತ್ತೋ!

"ಅವ್ವಾ, ಇನ್ನೊಂದ ರೊಟ್ಟಿ ಹಾಕ್ಲೇನು?" ಎಂದ ಗುರುಸಿದ್ಧ. ಬಸಲಿಂಗವ್ವ ಮುಖ ಎತ್ತಿದಳು. ಹುಬ್ಬು ಮೇಲೆ ಹೋಯಿತು, ತುಟಿ ಅಲುಗಿತು. ಅಷ್ಟರಲ್ಲಿ ಮಗ, "ಸಾಕಂತ," ಎಂದು ಹೆಂಡತಿಗೆ ಹೇಳಿ ಬುಟ್ಟಿ ಮುಚ್ಚಿದ. ಎರಡು ಉಸಿರು ಕಳೆದ ಮೇಲೆ ಪದಕದಿಂದ "ಅರ್ಧಾ…" ಎಂಬ ದನಿ ಹೊರಟು, ಅಲ್ಲೇ ನಿಂತಿತು. ಗುರುಸಿದ್ಧ ಆಗಲೇ ಫೋನಿನಲ್ಲಿ ಏನೋ ನೋಡುತ್ತಿದ್ದ. ಒಳ್ಳೆಯ ಮಗನೇ ಅವನು, ತಾಯಿಯ ಮಾತ್ರೆ ಒಂದು ಹೊತ್ತೂ ತಪ್ಪಿಸಿದವನಲ್ಲ. ಎರಡು ಉಸಿರು ಕಾಯುವ ರೂಢಿ ಮಾತ್ರ ಅವನಿಗಿರಲಿಲ್ಲ. ಯಾರಿಗಿದೆ? ಕೇಳಿದ ಪ್ರಶ್ನೆಗೆ ಎದುರಿನವರು ಅಷ್ಟು ಹೊತ್ತು ಸುಮ್ಮನಿದ್ದರೆ ನಾವೇ ಉತ್ತರ ಹೇಳಿಕೊಂಡು ಮುಂದೆ ಹೋಗುತ್ತೇವೆ.

ದಾಕ್ಷಾಯಿಣಿ ಅತ್ತೆಯ ತಾಟಿಗೆ ಅರ್ಧ ರೊಟ್ಟಿ ಹಾಕಿದಳು. ಬಸಲಿಂಗವ್ವ ಒಮ್ಮೆ ಸೊಸೆಯನ್ನು ನೋಡಿ, ತಲೆ ತಗ್ಗಿಸಿ ತಿಂದಳು.

ಮರುದಿನ ನಿಗಾ ಕೋಣೆಯಲ್ಲಿ ಆಕೆ ರಿಜ್ವಾನ್‌ಗೆ ಹಳೆಯ ಗೆರೆಗಳನ್ನೆಲ್ಲ ತೆಗೆಸಿದಳು. ಇಬ್ಬರೂ ನೋಡುತ್ತ ಹೋದಂತೆ ಗುಮಾಸ್ತನ ಕೆಲಸ ಬಯಲಾಯಿತು. ಯಾವಾಗಲೋ ಒಮ್ಮೆ ಬಸಲಿಂಗವ್ವ ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿದ್ದಳು. ಚಿಪ್ ಗಾಢ ನಿದ್ದೆಗೆ ಹೋಯಿತು. ಎದ್ದು ಮಾತಾಡಲು ತಡವಾಯಿತು. ಮನೆಯವರು ಕಾಯದೆ ತಾವೇ ಮಾತಾಡಿ ಮುಗಿಸಿದರು. ಆಡದೆ ಉಳಿದ ಮಾತನ್ನು ಗುಮಾಸ್ತ ಮೌನವೆಂದೇ ಎಣಿಸಿದ. ಮುಂದಿನ ಸಲ ಇನ್ನೂ ಬೇಗ ಬೀಗ ಜಡಿದ. ಆಕೆ ಇನ್ನೂ ತಡವಾದಳು. ಮನೆಯವರು ಆಕೆಯನ್ನು ಕೇಳುವುದನ್ನೇ ಬಿಟ್ಟರು.

"ಅಂದ್ರ ಆಕಿ ಶಾಂತ ಆಗಿಲ್ಲ," ಎಂದಳು ದಾಕ್ಷಾಯಿಣಿ. "ನಾನೂ ನನ್ನ ಗುಮಾಸ್ತನೂ ಕೂಡಿ ಆಕಿ ಬಾಯಿ ಮುಚ್ಚಿಸೇವಿ."

"ಹಂಗಾದ್ರ ಬೀಗಾನ ಬ್ಯಾಡ. ಸದಾ ತೂಕಡಿಕ್ಯಾಗ ಇಡೂಣು," ಎಂದ ರಿಜ್ವಾನ್. ಲೆಕ್ಕ ಹಾಕಿ ನೋಡಿದರೆ ಬ್ಯಾಟರಿ ವರ್ಷದೊಳಗೆ ಖಾಲಿ. ಊಟದ ಹೊತ್ತಿಗೆ ಮಾತ್ರ ಎಚ್ಚರವಿಡೋಣ ಎಂದರೆ ಬಸಲಿಂಗವ್ವನಿಗೆ ಮಾತು ಬರುವುದಕ್ಕೆ ಹೊತ್ತುಗೊತ್ತು ಎಂಬುದೇ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಬೇಕಿತ್ತು. ಅವರಿಗೆ ಹೊಳೆಯಲಿಲ್ಲ.

ಆ ಭಾನುವಾರ ನೀಲವ್ವ ನವಲಗುಂದದಿಂದ ಬಂದಳು. ಬಂದವಳೇ ಅಕ್ಕನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಊರಿನ ಒಂದು ಮದುವೆ ಮುರಿದ ಕಥೆ ತೆಗೆದಳು. ಕಥೆ ಉದ್ದವಿತ್ತು. ನೀಲವ್ವ ಹೇಳುತ್ತಿದ್ದಳು, ಬಸಲಿಂಗವ್ವ ತನ್ನ ಗಂಟಲಿಂದಲೇ ಹೂಂಗುಟ್ಟುತ್ತಿದ್ದಳು. ಗಂಡಿನವರು ಬಂದರು, ಹೂಂ. ಬಂಗಾರ ನೋಡಿದರು, ಹೂಂ. ನಡುವೆ ಬಸಲಿಂಗವ್ವ ನೀರು ಕುಡಿಯಲು ತಂಬಿಗೆ ಎತ್ತಿದಾಗ ನೀಲವ್ವ ಮಾತು ನಿಲ್ಲಿಸಿ, "ಹೂಂ ಅನ್ನಬೇ ಅಕ್ಕಾ, ಇಲ್ಲಾಂದ್ರ ನಾ ಮುಂದ ಹೇಳಂಗಿಲ್ಲ," ಎಂದಳು. ಆ ಸೀಮೆಯಲ್ಲಿ ಅದು ಕಾನೂನಿನಷ್ಟೇ ಗಟ್ಟಿ ರೂಢಿ. ಹೂಂಗುಟ್ಟುವವರಿಲ್ಲದೆ ಕಥೆ ಹೇಳುವುದು ಗೋಡೆಗೆ ಹೇಳಿದ ಹಾಗೆ. ಬಸಲಿಂಗವ್ವ ತಂಬಿಗೆ ಇಟ್ಟು, ಹೂಂ ಎಂದಳು.

ಅಡಿಗೆಮನೆಯ ಬಾಗಿಲಲ್ಲಿ ನಿಂತ ದಾಕ್ಷಾಯಿಣಿಯ ಕೈಯಲ್ಲಿ ಟ್ಯಾಬ್ಲೆಟ್ ಇತ್ತು. ಅದರಲ್ಲಿ ಅತ್ತೆಯ ಗೆರೆ ನೋಡುತ್ತ ಆಕೆ ಬೆರಗಾದಳು. ಅಲ್ಲಿ ಮಂಚದ ಮೇಲೆ ಬಸಲಿಂಗವ್ವನ ಕಣ್ಣು ಮಿಂಚುತ್ತಿದೆ, ಒಂದೊಂದು ಹೂಂಗೂ ಒಂದೊಂದು ಧಾಟಿ ಇದೆ. ಇಲ್ಲಿ ಗೆರೆ ಕೆಳಗೆ, ಇನ್ನೂ ಕೆಳಗೆ ಇಳಿದು, ಗಾಢ ನಿದ್ದೆಗೆ ಹೋಗಿ ಮಲಗಿತು. ಮೈಯೆಲ್ಲ ಕಿವಿಯಾಗಿ ಕೂತ ಹೆಂಗಸನ್ನು ಗುಮಾಸ್ತ ಮಲಗಿದ್ದಾಳೆ ಎಂದು ತಿಳಿದಿದ್ದ.

"ಅಂದಂಗ, ಆ ಮಿಷನ್ ಬಂದ್ ಮಾಡ್ತಾರಂತ ಗುರು ಹೇಳಿದ," ಎಂದಳು ನೀಲವ್ವ ಕಥೆಯ ನಡುವೆ. "ಛಲೋ ಆತು ಬಿಡು ಅಕ್ಕಾ. ತಲ್ಯಾಗ ಅದನ್ಯಾಕ ಇಟಗೋತಿ? ನಿನಗೂ ಮಾತು ಬ್ಯಾಡಾಗೈತಿ."

ಬಸಲಿಂಗವ್ವ ನೆಟ್ಟಗೆ ಕೂತಳು. ತಲೆಯನ್ನು ಜೋರಾಗಿ ಅಡ್ಡ ಆಡಿಸಿದಳು. ಆದರೆ ನೀಲವ್ವ ಆಗಲೇ ಆಚೆ ಕಡೆಗೆ ತಿರುಗಿ ಎಲೆಅಡಿಕೆಯ ಚೀಲ ಬಿಚ್ಚುತ್ತಿದ್ದಳು. ಬಸಲಿಂಗವ್ವನ ತುಟಿ ಅಲುಗಿತು. ಒಂದು ಉಸಿರು. ಗೆರೆ ಏಳತೊಡಗಿತು. ಎರಡನೆಯ ಉಸಿರು ಮುಗಿಯುವ ಮೊದಲೇ ನೀಲವ್ವ ಬೀಗರ ಮನೆಯ ಸುದ್ದಿಗೆ ಹಾರಿದ್ದಳು. ಬಸಲಿಂಗವ್ವ ತುಟಿ ಮುಚ್ಚಿದಳು. ಏರುತ್ತಿದ್ದ ಗೆರೆ ಮತ್ತೆ ಕೆಳಗಿಳಿಯಿತು. ಬೇಡ ಎಂದು ಕೂಗಬೇಕಾದ ಹೆಂಗಸು ಅಡಿಕೆ ಹೋಳು ಈಸಿಕೊಂಡು ಬಾಯಿಗೆ ಹಾಕಿಕೊಂಡಳು.

ಆಗ ದಾಕ್ಷಾಯಿಣಿಗೆ ನೆನಪಾಯಿತು. ಚಿಪ್‌ಗೆ ಯಾವುದು ಮಾತು, ಯಾವುದು ಬರೀ ಸದ್ದು ಎಂದು ಕಲಿಸುವಾಗ ಕೆಮ್ಮು, ಸೀನು, ಆಕಳಿಕೆ, ತೇಗು ಎಲ್ಲವನ್ನೂ ಸದ್ದು ಎಂದು ಬೇರೆ ಮಾಡಿದ್ದರು. ಪರದೇಶದಿಂದ ತರಿಸಿದ ಸದ್ದುಗಳಲ್ಲಿ ಹೂಂ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ನಮ್ಮ ಜನ ಡಾಕ್ಟರರ ಒಂದೊಂದು ವಾಕ್ಯಕ್ಕೂ ಹೂಂ ಎನ್ನುತ್ತ, ಚಿಪ್ ಪ್ರತಿ ಸಲ ಪೂರ್ತಿ ಎದ್ದು ಏನೂ ಕೆಲಸ ಸಿಗದೆ ಮತ್ತೆ ಮಲಗಿ, ಬ್ಯಾಟರಿ ನೀರಿನಂತೆ ಖರ್ಚಾಗಿತ್ತು. ಆಗ ದಾಕ್ಷಾಯಿಣಿಯೇ, "ಇದು ನಮ್ಮ ಕಡೆಯ ಸದ್ದು, ಹೊರಗಿನವರಿಗೆ ಗೊತ್ತಿಲ್ಲ," ಎಂದು ಹೆಮ್ಮೆಯಿಂದ ಹೂಂ ಅನ್ನು ಕೆಮ್ಮು, ತೇಗಿನ ಜೊತೆ ಸೇರಿಸಿದ್ದಳು. ಎಲ್ಲರೂ ಭೇಷ್ ಎಂದಿದ್ದರು. ಹುಟ್ಟಿದಾಗಿನಿಂದ ಹೂಂಗುಟ್ಟುತ್ತ ಬೆಳೆದವಳು ಮಾಡಬಾರದ ತಪ್ಪು ಅದು. ಹಾಗೆ ಬೆಳೆಯದವರಾದರೆ ಆ ತಪ್ಪನ್ನು ಮಾಡಲೂ ಸಾಧ್ಯವಿರಲಿಲ್ಲ.

ಸೋಮವಾರ ಆಕೆ ರಿಜ್ವಾನ್‌ಗೆ ಹೇಳಿದಳು: "ಹೂಂ ಅಂದ್ರ ಅಂಗಡಿ ತಗಿ ಅಂತ ಅಲ್ಲ. ಗಿರಾಕಿ ಕಟ್ಟಿ ಮ್ಯಾಲ ಕುಂತಾರ, ಈಗ ಬೀಗಾ ಹಾಕಬ್ಯಾಡ ಅಂತ. ಹೂಂ ಕೇಳಿದ್ರ ಚಿಪ್ ಪೂರಾ ಏಳೂದ ಬ್ಯಾಡ, ತೂಕಡಿಕಿ ತನಕಾ ಬಂದು ನಿಂತ್ರ ಸಾಕು."

ರಿಜ್ವಾನ್ ಲೆಕ್ಕ ಹಾಕಿದ. ಮೊದಲ ಹೂಂಗೆ ಚಿಪ್ ಏಳಲು ಎರಡು ಉಸಿರು ಬೇಕಾದರೂ ಅಡ್ಡಿಯಿಲ್ಲ, ಆಗ ಎದುರಿನವರು ಇನ್ನೂ ಮಾತಾಡುತ್ತಲೇ ಇರುತ್ತಾರೆ. ಯಾರೂ ಮಾತಾಡಿಸದಾಗ ಹೂಂ ಇಲ್ಲ, ಆಗ ಬೇಕಾದಷ್ಟು ಗಾಢ ನಿದ್ದೆ ಮಾಡಲಿ. ಬ್ಯಾಟರಿಗೆ ದೊಡ್ಡ ಹೊಡೆತವಿಲ್ಲ. ಕೊಪ್ಪೀಕರ ಎರಡು ಸಲ ಪರೀಕ್ಷೆ ಮಾಡಿಸಿ ಒಪ್ಪಿದರು. "ಆದರ ಸಭೆಯ ತಾರೀಖು ಮುಂದ ಹೋಗೂದಿಲ್ಲ," ಎಂದರು. ಹೊಸ ಗುಮಾಸ್ತ ಬಸಲಿಂಗವ್ವನ ಚಿಪ್‌ಗೆ ಹೋದ.

ಏನೂ ಆಗಲಿಲ್ಲ. ವಾರ ಕಳೆದರೂ ಗೆರೆ ತಳದಲ್ಲೇ.

"ಹೂಂನ ಬರವಲ್ದು ಅಕ್ಕಾರ," ಎಂದ ರಿಜ್ವಾನ್ ಸಂಕೋಚದಿಂದ. "ಚಿಪ್ ತಪ್ಪಲ್ಲ. ಮನ್ಯಾಗ ಯಾರೂ ಅವ್ರಿಗೆ ಏನೂ ಹೇಳವಲ್ರು."

ದಾಕ್ಷಾಯಿಣಿಗೆ ಮುಖಕ್ಕೆ ಹೊಡೆದಂತಾಯಿತು. ಪ್ರೋಗ್ರಾಂ ಬರೆದು ಮುಗಿಸಿದೆ ಎಂದುಕೊಂಡಿದ್ದಳು. ಬಾಕಿ ಉಳಿದದ್ದು ಪ್ರೋಗ್ರಾಂನಲ್ಲಿ ಇರಲೇ ಇಲ್ಲ.

ಅಂದು ಬೇಗ ಮನೆಗೆ ಬಂದು, ಮೆಂತ್ಯೆ ಸೊಪ್ಪಿನ ಕಟ್ಟು ಬಿಚ್ಚಿ ಅತ್ತೆಯ ಮುಂದೆ ಕೂತಳು. ಇಬ್ಬರೂ ಎಲೆ ಬಿಡಿಸತೊಡಗಿದರು. ಇಷ್ಟು ವರ್ಷ ಆ ಮನೆಯಲ್ಲಿ ಅತ್ತೆ ಹೇಳುವುದು, ಸೊಸೆ ಕೇಳುವುದು. ತಿರುಗಿಸಿ ಹೇಳಿ ಗೊತ್ತೇ ಇರಲಿಲ್ಲ.

"ನಮ್ಮ ಆಫೀಸಿನ್ಯಾಗ ರಿಜ್ವಾನ್ ಅಂತ ಒಬ್ಬಾಂವ ಅದಾನಲ್ರಿ ಅತ್ತಿ," ಎಂದು ಶುರು ಮಾಡಿದಳು. ಬಸಲಿಂಗವ್ವ ಎಲೆ ಬಿಡಿಸುತ್ತಲೇ ಇದ್ದಳು. "ಅವಂಗ ಹೆಣ್ಣ ನೋಡಾಕತ್ತಾರ. ಹೋದ ವಾರ ಹುಬ್ಬಳ್ಳಿಗೆ ಹೆಣ್ಣ ನೋಡಾಕ ಹೋಗಿದ್ದ." ಅತ್ತೆ ಎಲೆಯಿಂದ ಕಣ್ಣೆತ್ತಲಿಲ್ಲ. "ಅವ್ರ ಮನ್ಯಾಗ ಮಿಕ್ಸರ್ ಕೆಟ್ಟಿತ್ತಂತ."

ಬಸಲಿಂಗವ್ವನ ಬೆರಳು ನಿಂತಿತು. "ಹೂಂ."

"ಇಂವ ಸುಮ್ನಿರಬೇಕೋ ಬ್ಯಾಡೋ? ಬಿಚ್ಚಿ ಕುಂತ."

"ಹೂಂ."

"ಮಿಕ್ಸರ್ ರಿಪೇರಿ ಮಾಡಿ, ಚಾ ಕುಡದ, ಹುಡಿಗಿ ಮಾರಿ ನೋಡೂದ ಮರತ ಎದ್ದ ಬಂದಾನ."

"ಹೂಂ!" ಬಸಲಿಂಗವ್ವನ ಹೊಟ್ಟೆ ಕುಲುಕಿತು. ಸೊಸೆಗೂ ನಗು ಬಂತು. ನಗುವಿನ ಹುರುಪಿನಲ್ಲಿ ಆಕೆ, "ಖರೇ ಅಂದ್ರ ಅತ್ತಿ, ನೀವ್ ಮಾತ ಬಿಟ್ಟ ಮ್ಯಾಲೆ ಮನಿ ಬಣಬಣ ಅಂತೈತಿ. ನನಗ ಭಾಳ ಬ್ಯಾಸರಾಗಿತ್ತ ನೋಡ್ರಿ," ಎಂದಳು.

"ಸುಳ್ಳು."

ಪದಕ ಥಟ್ಟನೆ ನುಡಿದಿತ್ತು. ನಡುವೆ ಅರ್ಧ ಉಸಿರೂ ಇರಲಿಲ್ಲ. ಮೆಂತ್ಯೆಯ ಕಡ್ಡಿ ದಾಕ್ಷಾಯಿಣಿಯ ಕೈಯಲ್ಲೇ ಉಳಿಯಿತು. ಬಸಲಿಂಗವ್ವನಿಗೂ ಆಶ್ಚರ್ಯವಾಗಿತ್ತು. ಕೊರಳಿನ ಪದಕವನ್ನು ಮುಟ್ಟಿ ನೋಡಿಕೊಂಡಳು.

"ಹೌದ್ರಿ. ಸುಳ್ಳು," ಎಂದಳು ದಾಕ್ಷಾಯಿಣಿ. ಕಣ್ಣು ತುಂಬಿ ಬಂದಿತ್ತು. "ಮೊದಮೊದಲ ಹಾಯ್ ಅನಿಸಿತ್ತು."

"ಹೂಂ."

"ಈಗ ಅನಸವಲ್ದು."

ಬಸಲಿಂಗವ್ವ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಪ್ಪಿನ ಕಡೆ ಕೈ ತೋರಿಸಿ, "ದಂಟ ಸೈತ ಹಾಕಾಕತ್ತಿ. ಎಲಿ ಅಷ್ಟ ತಗಿ," ಎಂದಳು. ದಾಕ್ಷಾಯಿಣಿ ದಂಟು ಆರಿಸಿ ತೆಗೆದಳು. ಒಳಗೊಳಗೆ ಅಷ್ಟು ಸಂತೋಷವಾಗಿತ್ತು ಆಕೆಗೆ, ಇನ್ನೂ ನಾಲ್ಕು ಬೈಗುಳ ಬಿದ್ದಿದ್ದರೂ ಸೈರಿಸುತ್ತಿದ್ದಳು.

ಆದರೂ ಸಭೆಯ ದಿನ ದಾಕ್ಷಾಯಿಣಿಯನ್ನು ಹೆದರಿಕೆ ಬಿಟ್ಟಿರಲಿಲ್ಲ. ಉಳಿದಿದ್ದ ಕೆಲವು ದಿನಗಳಲ್ಲಿ ಗೆರೆ ಮೇಲೆ ಬಂದದ್ದು ನಿಜ, ಆದರೆ ಸಮಿತಿಯವರ ಮುಂದಿದ್ದದ್ದು ತಿಂಗಳುಗಟ್ಟಲೆ ಮೌನ. ಮೇಜಿನ ಆಚೆ ಕೊಪ್ಪೀಕರ ಮತ್ತು ಹೊರಗಿನಿಂದ ಬಂದ ಇಬ್ಬರು ಡಾಕ್ಟರರು. ಈಚೆ ಬಸಲಿಂಗವ್ವ, ಪಕ್ಕದಲ್ಲಿ ಮಗ. ಮಾತಾಡುವ ಹಕ್ಕಿಲ್ಲದ ದಾಕ್ಷಾಯಿಣಿ ಹಿಂದಿನ ಕುರ್ಚಿಯಲ್ಲಿ. ಬಾಗಿಲ ಬಳಿ ರಿಜ್ವಾನ್ ಟ್ಯಾಬ್ಲೆಟ್ ಹಿಡಿದು ನಿಂತಿದ್ದ.

ಕೊಪ್ಪೀಕರ ಎಲ್ಲವನ್ನೂ ಬಿಡಿಸಿ ಹೇಳಿದರು. ಪರವಾನಗಿ ಇಷ್ಟೇ ಜನರಿಗೆ ಎಂದರು. ಹೊರಗೆ ಒಬ್ಬ ಹುಡುಗಿ ಕಾಯುತ್ತಿದ್ದಾಳೆ ಎಂದರು. ಬಸಲಿಂಗವ್ವ ಒಂದೊಂದಕ್ಕೂ ಹೂಂ ಎನ್ನುತ್ತಿದ್ದಳು. ಕೊಪ್ಪೀಕರ ಕೂಡ ಇದೇ ನೀರು ಕುಡಿದು ಬೆಳೆದವರು. ತಮಗೆ ಅರಿವಿಲ್ಲದೆಯೇ ಆ ಹೂಂ ಬರುವ ತನಕ ನಿಂತು ಮುಂದಿನ ಮಾತಿಗೆ ಹೋಗುತ್ತಿದ್ದರು. ದಾಕ್ಷಾಯಿಣಿ ತಿರುಗಿ ರಿಜ್ವಾನ್ ಕಡೆ ನೋಡಿದಳು. ಅವನು ಕೈಯನ್ನು ನೆಲಕ್ಕೆ ಸಮವಾಗಿ ಹಿಡಿದು ತೋರಿಸಿದ. ಗೆರೆ ಇಳಿದಿಲ್ಲ.

"ಈಗ ಹೇಳ್ರಿ ಬಸಲಿಂಗವ್ವ," ಎಂದರು ಕೊಪ್ಪೀಕರ. "ನಿಮ್ಮ ಚಿಪ್ ಬಂದ್ ಮಾಡಿದ್ರ ನಡೀತದೇನು?"

"ಅವ್ವಗ ಈಗ ಮಾತಾಡೂ ಮನಸ…" ಎಂದು ಗುರುಸಿದ್ಧ ಶುರು ಮಾಡಿದ, ರೂಢಿಯಂತೆ.

"ನೀ ಸುಮ್ನಿರು. ನನ್ನ ಕೇಳ್ಯಾರ."

ಗುರುಸಿದ್ಧನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬಸಲಿಂಗವ್ವ ಮೇಜಿನ ಕಡೆ ಬಾಗಿದಳು.

"ಆ ಹುಡಿಗೀಗೂ ಕೊಡ್ರಿ, ಪಾಪ. ನಂದ್ಯಾಕ ತಗೀತೀರಿ? ಮನ್ಯಾಗ ಒಂದ ರೊಟ್ಟಿ ಇದ್ರ ಹರದ ಇಬ್ರು ತಿನ್ನಬಹುದು. ನಾಲಿಗಿ ಹರದ ಹಂಚಾಕ ಬರ್ತೈತೇನು? ಹನ್ನೊಂದು ಅಂತ ಬರದಾವ್ರಿಗೆ ಹನ್ನೆರಡು ಅಂತ ಬರ್ಯಾಕ ಕೈ ನೋಯ್ತೈತೇನು?"

ಹೊರಗಿನಿಂದ ಬಂದ ಡಾಕ್ಟರೊಬ್ಬರು ಕೆಮ್ಮಿದರು. ಕೊಪ್ಪೀಕರ ತುಟಿ ಕಚ್ಚಿ ನಗು ತಡೆದರು. "ನೀವು ಇಷ್ಟ ದಿನ ಯಾಕ ಮಾತಾಡಿಲ್ಲ?" ಎಂದು ಕೇಳಿದರು.

"ನಾ ಆಡಿದ್ದೆ," ಎಂದಳು ಬಸಲಿಂಗವ್ವ. "ಯಾರೂ ನಿಂದ್ರಲಿಲ್ಲ."

ಗುರುಸಿದ್ಧ ತಾಯಿಯ ಕೈ ಹಿಡಿದುಕೊಂಡ. ಆಕೆ ಬಿಡಿಸಿಕೊಳ್ಳಲಿಲ್ಲ.

ಸಮಿತಿಯವರು ಬಸಲಿಂಗವ್ವನ ಚಿಪ್ ಮುಂದುವರಿಸಿದರು. ಉಳಿದ ಹತ್ತು ಜನರಿಗೂ ಹೊಸ ಗುಮಾಸ್ತನನ್ನು ಕಳಿಸಬೇಕೆಂದು, ಹನ್ನೆರಡನೆಯ ಪರವಾನಗಿಗೆ ಮೇಲೆ ಬರೆಯಬೇಕೆಂದು ತೀರ್ಮಾನವಾಯಿತು. ಮೇಲಿನವರು ಏನು ಹೇಳುತ್ತಾರೋ ಗೊತ್ತಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಣ್ಣಿಗೇರಿಯ ಹುಡುಗಿಯ ಮುಂದೆ ಬಸಲಿಂಗವ್ವ ನಿಂತಳು. ಪರವಾನಗಿಗೆ ಬರೆಯುತ್ತಾರೆ ಎಂದು ಹೇಳಿದಳು. ಆಮೇಲೆ ಅವಳ ತಲೆ ನೇವರಿಸಿದಳು. ಹುಡುಗಿ ಅಳುತ್ತ ನಕ್ಕಳು. ಆ ಮುಖ ದಾಕ್ಷಾಯಿಣಿಯ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ.

ಮನೆಗೆ ಹೋಗುವಾಗ ಕಾರು ನಡೆಸುತ್ತಿದ್ದವಳು ದಾಕ್ಷಾಯಿಣಿ. ಗುರುಸಿದ್ಧ ಪಾಠ ಹೇಳಲು ಅಲ್ಲಿಂದಲೇ ತನ್ನ ಪಾಲಿಟೆಕ್ನಿಕ್‌ಗೆ ಹೋಗಿದ್ದ. ಪಕ್ಕದಲ್ಲಿ ಕೂತ ಬಸಲಿಂಗವ್ವ ಪ್ರಯೋಗಾಲಯದ ಗೇಟು ದಾಟುವ ಮೊದಲೇ ಶುರು ಮಾಡಿದಳು. ಇಷ್ಟು ತಿಂಗಳು ಆಡದೆ ಉಳಿದದ್ದೆಲ್ಲ ಒಂದೊಂದಾಗಿ ಹೊರಬಿತ್ತು. ಉಗಾದಿಗೆ ಹೋಳಿಗೆಯ ಹೂರಣ ಗಟ್ಟಿಯಾಗಿತ್ತು. ನೀಲವ್ವನ ಮಗಳಿಗೆ ಕೊಟ್ಟ ಸೀರೆ ತೀರ ತೆಳುವಾಗಿತ್ತು. ಮಾಳಿಗೆಯ ಮೇಲಿನ ನೀರಿನ ಟಾಕಿ ಯಾರೂ ತೊಳೆಸಿಲ್ಲ. ತನ್ನ ಕಂಬಳಿಯನ್ನು ತನ್ನನ್ನು ಕೇಳದೆ ಯಾರಿಗೋ ಕೊಟ್ಟಿದ್ದಾರೆ. ಅದು ತನ್ನ ಅವ್ವ ಕೊಟ್ಟ ಕಂಬಳಿ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೊತ್ತುಕೊಂಡು ಹೋಗಿದ್ದರು.

ಕಂಬಳಿ ಕೊಟ್ಟವಳು ದಾಕ್ಷಾಯಿಣಿಯೇ. ಕೆಲಸದವಳಿಗೆ ಚಳಿ ಎಂದು ಕೊಟ್ಟಿದ್ದಳು. ಎದುರಿನ ರಸ್ತೆ ನೋಡುತ್ತ, ಆ ದಿನ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ ಅತ್ತೆಯನ್ನು ನೆನೆಯುತ್ತ ಆಕೆ ಸುಮ್ಮನಾದಳು.

ಬಸಲಿಂಗವ್ವ ಮಾತು ನಿಲ್ಲಿಸಿದಳು.

"ಮಲಗಿದೇನು?" ಎಂದಳು ಬಸಲಿಂಗವ್ವ.

"ಇಲ್ರಿ ಅತ್ತಿ. ಕೇಳಾಕತ್ತೀನಿ."

"ಮತ್ತ ಹೂಂ ಅನ್ನು. ನನಗ ಹೆಂಗ ತಿಳೀಬೇಕು?"

ದಾಕ್ಷಾಯಿಣಿ ಹೂಂ ಎಂದಳು. ಬಸಲಿಂಗವ್ವ ಕಂಬಳಿಯ ಅಂಚು ಯಾವ ಬಣ್ಣದ್ದಿತ್ತು ಎಂಬಲ್ಲಿಂದ ಮತ್ತೆ ಶುರು ಮಾಡಿದಳು.